ಫತಾ–ಹಮಾಸ್ ಒಗ್ಗಟ್ಟಿನ ಸರ್ಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಕಾ, ಕೈರೋ, ದೋಹಾ, ಗಾಜಾ, ಅಲ್ಜೀರ್ಸ್, ಬೀಜಿಂಗ್. ಪ್ರತಿ ಸಲ ಊರು ಬದಲಾಗುತ್ತದೆ. ಪ್ಯಾಲೆಸ್ತೀನಿನ ಎರಡು ದೊಡ್ಡ ಪಕ್ಷಗಳಾದ ಫತಾ ಮತ್ತು ಹಮಾಸ್ ನಾಯಕರು ಕೈ ಹಿಡಿದುಕೊಂಡು ನಿಂತ ಫೋಟೊ ಬರುತ್ತದೆ. ಕೆಲವು ತಿಂಗಳಾದ ಮೇಲೆ ರಾಜಿ ಮುರಿದ ಸುದ್ದಿಯೂ ಬರುತ್ತದೆ. ಈ ವಿಷಯ ಎತ್ತಿದಾಗಲೆಲ್ಲ ಮಾತಿನಲ್ಲೂ ಪತ್ರಗಳಲ್ಲೂ ನನಗೆ ಎದುರಾಗುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಕಗ್ಗಂಟಿನವು.

## ಮೊದಲು ಗೊತ್ತಿರಬೇಕಾದದ್ದು

ಫತಾ ಯಾರು, ಹಮಾಸ್ ಯಾರು? ಇಬ್ಬರೂ ಪ್ಯಾಲೆಸ್ತೀನಿಯರೇ ಅಲ್ವಾ?

ಹೌದು, ಇಬ್ಬರೂ ಅಲ್ಲಿಯವರೇ. ಎಷ್ಟೋ ಮನೆಗಳಲ್ಲಿ ಅಣ್ಣ ಫತಾ, ತಮ್ಮ ಹಮಾಸ್.

ಫತಾ ಹಳೆಯದು. 1950ರ ದಶಕದ ಕೊನೆಯಲ್ಲಿ ಯಾಸರ್ ಅರಾಫತ್ ಮತ್ತು ಅವರ ಗೆಳೆಯರು ಕಟ್ಟಿದ್ದು. ಅದು ಧರ್ಮದ ಹೆಸರಲ್ಲಿ ಅಲ್ಲ, ನಾಡಿನ ಹೆಸರಲ್ಲಿ ಹುಟ್ಟಿದ ಚಳವಳಿ. ಮೊದಲು ಬಂದೂಕು ಹಿಡಿದಿತ್ತು. ಇಸ್ರೇಲ್ ಜೊತೆಗಿನ 1993ರ ಓಸ್ಲೋ ಒಪ್ಪಂದದ ಹೊತ್ತಿಗೆ ಮಾತುಕತೆಯ ದಾರಿಗೆ ಬಂತು. ಈಗ ಅದರ ನಾಯಕ ಮಹಮೂದ್ ಅಬ್ಬಾಸ್.

ಹಮಾಸ್ ಹುಟ್ಟಿದ್ದು 1987ರ ಡಿಸೆಂಬರಿನಲ್ಲಿ, ಮೊದಲನೇ ಇಂತಿಫಾದಾ, ಅಂದರೆ ಇಸ್ರೇಲ್ ವಿರುದ್ಧದ ಪ್ಯಾಲೆಸ್ತೀನಿಯರ ದಂಗೆ, ಶುರುವಾದಾಗ. ಈಜಿಪ್ಟಿನಲ್ಲಿ ಹುಟ್ಟಿದ ಮುಸ್ಲಿಂ ಬ್ರದರ್‌ಹುಡ್ ಎಂಬ ಧಾರ್ಮಿಕ ಸಂಘಟನೆಯ ಗಾಜಾ ಶಾಖೆಯಿಂದ ಬಂದದ್ದು. ಶೇಖ್ ಅಹ್ಮದ್ ಯಾಸಿನ್ ಅದರ ಸ್ಥಾಪಕರಲ್ಲಿ ಮುಖ್ಯರು. ಓಸ್ಲೋ ಒಪ್ಪಂದವನ್ನು ಹಮಾಸ್ ಒಪ್ಪಲಿಲ್ಲ, ಸಶಸ್ತ್ರ ಹೋರಾಟ ಬಿಡಲಿಲ್ಲ. ನಾಗರಿಕರ ಮೇಲೆ ಆತ್ಮಾಹುತಿ ದಾಳಿಗಳನ್ನೂ ನಡೆಸಿತು. ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟದ ಪಟ್ಟಿಯಲ್ಲಿ ಅದು ಭಯೋತ್ಪಾದಕ ಸಂಘಟನೆ.

ಇವೆರಡೇ ಅಲ್ಲ. ಪಾಪ್ಯುಲರ್ ಫ್ರಂಟ್, ಡೆಮಾಕ್ರಟಿಕ್ ಫ್ರಂಟ್‌ನಂಥ ಎಡಪಂಥೀಯ ಗುಂಪುಗಳಿವೆ, ಇಸ್ಲಾಮಿಕ್ ಜಿಹಾದ್ ಇದೆ, ಮುಸ್ತಫಾ ಬರ್ಗೂತಿಯವರ ಸಣ್ಣ ಪಕ್ಷವೂ ಇದೆ. ಆದರೆ ಆಡಳಿತ ಕೈಯಲ್ಲಿದ್ದದ್ದು ಆ ಇಬ್ಬರ ಹತ್ತಿರ ಮಾತ್ರ.

ಪಿಎಲ್‌ಒ, ಪ್ಯಾಲೆಸ್ತೀನ್ ಪ್ರಾಧಿಕಾರ ಎರಡೂ ಒಂದೇನಾ?

ಅಲ್ಲ. ಇದು ಬಿಡಿಸಿಕೊಳ್ಳದೆ ಮುಂದಿನದು ಅರ್ಥವಾಗುವುದಿಲ್ಲ.

ಪಿಎಲ್‌ಒ (ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ) 1964ರಲ್ಲಿ ಹುಟ್ಟಿದ ಒಕ್ಕೂಟ. ಲೆಬನಾನ್, ಜೋರ್ಡಾನ್ ಶಿಬಿರಗಳಲ್ಲಿ ಇರುವವರೂ ಸೇರಿ ಎಲ್ಲ ಪ್ಯಾಲೆಸ್ತೀನಿಯರ ಪರವಾಗಿ ಮಾತಾಡುವ ಸಂಸ್ಥೆ. ಇಸ್ರೇಲ್ ಜೊತೆ ಸಹಿ ಹಾಕಿದ್ದು ಇದೇ. ಪ್ರಾಧಿಕಾರ ಎಂದರೆ ಗಾಜಾ ಮತ್ತು ವೆಸ್ಟ್ ಬ್ಯಾಂಕ್ ಎಂಬ ಎರಡು ಪ್ಯಾಲೆಸ್ತೀನಿ ಪ್ರದೇಶಗಳಿಗೆ 1994ರಲ್ಲಿ ಬಂದ ಆಡಳಿತ ವ್ಯವಸ್ಥೆ. ಶಾಲೆ, ಆಸ್ಪತ್ರೆ, ಪೊಲೀಸ್, ಸಂಬಳ ಎಲ್ಲ ಅದರದ್ದು.

ಹಮಾಸ್ ಪ್ರಾಧಿಕಾರದ ಚುನಾವಣೆಯಲ್ಲಿ ಗೆದ್ದಿದೆ, ಆದರೆ ಪಿಎಲ್‌ಒ ಒಳಗೆ ಇವತ್ತಿಗೂ ಇಲ್ಲ. ಹಾಗಾಗಿ ರಾಜಿ ಅಂದಾಗಲೆಲ್ಲ ಎರಡು ಬೇಡಿಕೆ ಇರುತ್ತವೆ: ಒಂದೇ ಸರ್ಕಾರ ಬೇಕು, ಪಿಎಲ್‌ಒ ಬಾಗಿಲೂ ತೆರೆಯಬೇಕು. ಪತ್ರಿಕೆಗಳಲ್ಲಿ ಮೊದಲನೆಯದು ಮಾತ್ರ ಬರುತ್ತದೆ. ಹಮಾಸ್‌ಗೆ ಎರಡನೆಯದೂ ಅಷ್ಟೇ ಮುಖ್ಯ, ಫತಾಕ್ಕೆ ಅದರದ್ದೇ ಜಾಸ್ತಿ ಭಯ.

ಗಾಜಾದಿಂದ ವೆಸ್ಟ್ ಬ್ಯಾಂಕಿಗೆ ಎಷ್ಟು ದೂರ? ಹೋಗಿ ಬಂದು ಮಾಡೋಕಾಗಲ್ವಾ?

ಹತ್ತಿರದ ಜಾಗದಲ್ಲಿ ಅಳೆದರೆ ಸುಮಾರು 40 ಕಿಲೋಮೀಟರ್. ನಡುವೆ ಇಸ್ರೇಲ್ ಇದೆ. ಇಸ್ರೇಲಿನ ಅನುಮತಿ ಇಲ್ಲದೆ ಯಾರೂ ದಾಟುವಂತಿಲ್ಲ, ಮಂತ್ರಿಯೂ ಅಷ್ಟೇ. 2006ರಲ್ಲಿ ಹೊಸ ಶಾಸಕಾಂಗ ಸೇರಿದಾಗ ಗಾಜಾದ ಸದಸ್ಯರು ಒಂದು ಸಭಾಂಗಣದಲ್ಲಿ, ವೆಸ್ಟ್ ಬ್ಯಾಂಕಿನವರು ಪ್ರಾಧಿಕಾರದ ಕೇಂದ್ರವಾದ ರಮಲ್ಲಾದ ಇನ್ನೊಂದರಲ್ಲಿ ಕೂತು ವಿಡಿಯೊ ಪರದೆಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ಕಲಾಪ ನಡೆಸಿದರು.

ಜಗಳ ಶುರುವಾಗಿದ್ದು ಯಾವಾಗ?

ಬೇರು ಓಸ್ಲೋ ಕಾಲದ್ದು. ಬಿರುಕು ಕಣ್ಣಿಗೆ ಕಂಡದ್ದು 2006ರ ಜನವರಿ 25ರ ಚುನಾವಣೆಯಲ್ಲಿ. 132 ಸ್ಥಾನಗಳಲ್ಲಿ ಹಮಾಸ್ 74 ಗೆದ್ದಿತು, ಫತಾ 45. ಮತಗಳ ಲೆಕ್ಕದಲ್ಲಿ ಅಂತರ ಅಷ್ಟಿರಲಿಲ್ಲ: ಪಕ್ಷದ ಪಟ್ಟಿಗೆ ಹಾಕಿದ ಮತಗಳಲ್ಲಿ ಹಮಾಸ್‌ಗೆ ಸುಮಾರು ಶೇ 44, ಫತಾಕ್ಕೆ ಶೇ 41. ಅರ್ಧ ಸ್ಥಾನ ಪಟ್ಟಿಯಿಂದ, ಅರ್ಧ ಕ್ಷೇತ್ರಗಳಿಂದ. ಫತಾದವರೇ ಬಂಡೆದ್ದು ಪಕ್ಷೇತರರಾಗಿ ನಿಂತು ಮತ ಒಡೆದ ಕಾರಣ ಕ್ಷೇತ್ರಗಳಲ್ಲಿ ಹಮಾಸ್ ಬಾಚಿಕೊಂಡಿತು. ಬಂಡಾಯ ಅಭ್ಯರ್ಥಿ ಎಂದರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಎಲ್ಲ ಬಿಗಿಯಾಯಿತು. ಅಮೆರಿಕ, ಯುರೋಪಿಯನ್ ಒಕ್ಕೂಟ, ರಷ್ಯಾ, ವಿಶ್ವಸಂಸ್ಥೆ ಸೇರಿದ ಕ್ವಾರ್ಟೆಟ್ ಮೂರು ಷರತ್ತು ಇಟ್ಟಿತು: ಇಸ್ರೇಲನ್ನು ಮಾನ್ಯ ಮಾಡಿ, ಹಿಂಸೆ ಬಿಡಿ, ಹಿಂದಿನ ಒಪ್ಪಂದಗಳನ್ನು ಒಪ್ಪಿ. ಹಮಾಸ್ ಒಪ್ಪಲಿಲ್ಲ. ಪಾಶ್ಚಾತ್ಯ ದೇಶಗಳ ನೆರವು ನಿಂತಿತು. ಪ್ರಾಧಿಕಾರದ ಪರವಾಗಿ ತಾನು ವಸೂಲಿ ಮಾಡುವ ತೆರಿಗೆ ಹಣವನ್ನು ಇಸ್ರೇಲ್ ತಡೆಹಿಡಿಯಿತು. ಸಂಬಳ ನಿಂತಿತು. ಅಧ್ಯಕ್ಷ ಅಬ್ಬಾಸ್ ಫತಾದವರು, ಪ್ರಧಾನಿ ಇಸ್ಮಾಯಿಲ್ ಹನಿಯೆ ಹಮಾಸ್‌ನವರು. ಇಬ್ಬರ ಕೈಯಲ್ಲೂ ಬೇರೆ ಬೇರೆ ಪಡೆಗಳು.

## ರಾಜಿಗಳ ಕಥೆ

ಮೆಕ್ಕಾದಲ್ಲಿ ಸಹಿ ಹಾಕಿದವರು ನಾಲ್ಕೇ ತಿಂಗಳಿಗೆ ಗುಂಡು ಹಾರಿಸಿಕೊಂಡರಲ್ಲ, ಹೇಗೆ?

2007ರ ಫೆಬ್ರುವರಿ 8ರಂದು ಸೌದಿ ದೊರೆ ಅಬ್ದುಲ್ಲಾ ಮುಂದೆ ಸಹಿ ಆಯಿತು. ಮಾರ್ಚ್ 17ರಂದು ಒಗ್ಗಟ್ಟಿನ ಸರ್ಕಾರ ಪ್ರಮಾಣ ವಚನ ತೆಗೆದುಕೊಂಡಿತು. ಇಡೀ ಕಥೆಯಲ್ಲಿ ಎರಡೂ ಪಕ್ಷದ ನಾಯಕರು ನಿಜವಾಗಿ ಒಂದೇ ಸಂಪುಟದಲ್ಲಿ ಕೂತದ್ದು ಆಗ ಮಾತ್ರ. ಪ್ರಧಾನಿ ಹನಿಯೆ, ಉಪಪ್ರಧಾನಿ ಫತಾದ ಅಝ್ಝಾಂ ಅಲ್ ಅಹ್ಮದ್, ಹಣಕಾಸಿಗೆ ಪಕ್ಷಾತೀತ ಸಲಾಂ ಫಯ್ಯಾದ್. ಶಾಸಕಾಂಗದಲ್ಲಿ 83 ಮತ ಪರ, 3 ವಿರುದ್ಧ. ಉಳಿದವರಲ್ಲಿ ಬಹುಪಾಲು ಇಸ್ರೇಲಿನ ಜೈಲಿನಲ್ಲಿದ್ದರು.

ಮುರಿದದ್ದು ಗೃಹ ಖಾತೆಯಲ್ಲಿ. ಪೊಲೀಸ್ ಮತ್ತು ಭದ್ರತಾ ಪಡೆ ಯಾರ ಮಾತು ಕೇಳಬೇಕು ಎಂಬುದನ್ನು ಮೆಕ್ಕಾದಲ್ಲಿ ಬಗೆಹರಿಸಲೇ ಇಲ್ಲ. ಎರಡೂ ಕಡೆಗೆ ಒಪ್ಪಿಗೆಯಾಗಲಿ ಅಂತ ಪಕ್ಷವಿಲ್ಲದ ಹಾನಿ ಅಲ್ ಕವಾಸ್ಮಿ ಅವರನ್ನು ಗೃಹಮಂತ್ರಿ ಮಾಡಿದರು. ಆ ಮನುಷ್ಯನಿಗೆ ಕುರ್ಚಿ ಸಿಕ್ಕಿತು, ಪಡೆ ಸಿಗಲಿಲ್ಲ. ಭದ್ರತಾ ಮುಖ್ಯಸ್ಥರು ಅವರ ಆದೇಶಕ್ಕೆ ಬೆಲೆ ಕೊಡಲಿಲ್ಲ. ಮೇ ತಿಂಗಳ ಮಧ್ಯದಲ್ಲಿ ಅಧಿಕಾರವೇ ಇಲ್ಲ ಎಂದು ರಾಜೀನಾಮೆ ಕೊಟ್ಟರು. ಮುಂದಿನ ತಿಂಗಳು ಗಾಜಾ ಬೀದಿಗಳಲ್ಲಿ ಕಾಳಗ. ಒಬ್ಬರನ್ನೊಬ್ಬರು ಎತ್ತರದ ಕಟ್ಟಡಗಳಿಂದ ತಳ್ಳಿದ ಘಟನೆಗಳೂ ನಡೆದವು. ನೂರಕ್ಕೂ ಹೆಚ್ಚು ಜನ ಸತ್ತರು. ಜೂನ್ 14ರ ಹೊತ್ತಿಗೆ ಗಾಜಾ ಪೂರ್ತಿ ಹಮಾಸ್ ಕೈಗೆ ಹೋಯಿತು. ಅಬ್ಬಾಸ್ ಹನಿಯೆಯವರನ್ನು ವಜಾ ಮಾಡಿ ಫಯ್ಯಾದ್ ಅವರನ್ನು ಪ್ರಧಾನಿ ಮಾಡಿದರು. ಒಂದು ಜನಕ್ಕೆ ಎರಡು ಸರ್ಕಾರ ಆದದ್ದು ಹೀಗೆ.

ಆಮೇಲೆ ಎಷ್ಟು ಸಲ ರಾಜಿ ಆಗಿದೆ?

ಮುಖ್ಯವಾದವು ಇಷ್ಟು: 2011ರ ಮೇ ಕೈರೋ, 2012ರ ಫೆಬ್ರುವರಿ ದೋಹಾ, 2014ರ ಏಪ್ರಿಲ್ ಗಾಜಾ, 2017ರ ಅಕ್ಟೋಬರ್ ಕೈರೋ, 2022ರ ಅಕ್ಟೋಬರ್ ಅಲ್ಜೀರ್ಸ್, 2024ರ ಜುಲೈ ಬೀಜಿಂಗ್. ಸರ್ಕಾರದ ರೂಪಕ್ಕೆ ಬಂದದ್ದು 2014ರದ್ದು ಮಾತ್ರ. 2017ರದ್ದು ಅರ್ಧ ದಾರಿ ಬಂತು. ಉಳಿದವು ಕಾಗದದಲ್ಲೇ ಉಳಿದವು.

2014ರ ಸರ್ಕಾರದಲ್ಲಿ ಹಮಾಸ್ ಮಂತ್ರಿಗಳು ಇದ್ರಾ?

ಒಬ್ಬರೂ ಇರಲಿಲ್ಲ. ಬೇಕೆಂದೇ ಹಾಗೆ ಮಾಡಿದ್ದು.

ಗಾಜಾದ ಶಾತಿ ನಿರಾಶ್ರಿತರ ಶಿಬಿರದಲ್ಲಿರುವ ಹನಿಯೆ ಮನೆಯಲ್ಲಿ ಏಪ್ರಿಲ್ 23ರಂದು ಸಹಿ ಆಯಿತು. ಜೂನ್ 2ರಂದು ರಮಲ್ಲಾದಲ್ಲಿ ರಾಮಿ ಹಮದಲ್ಲಾ ನೇತೃತ್ವದ ಸಂಪುಟ ಬಂತು. ಹಮದಲ್ಲಾ ನಾಬ್ಲಸ್‌ನ ವಿಶ್ವವಿದ್ಯಾಲಯವೊಂದರ ಮುಖ್ಯಸ್ಥರಾಗಿದ್ದವರು. ಮಂತ್ರಿಗಳೆಲ್ಲ ತಜ್ಞರು, ಪಕ್ಷದ ಚೀಟಿ ಇಲ್ಲದವರು. ಹಮಾಸ್ ಹೊರಗಿನಿಂದ ಒಪ್ಪಿಗೆ ಕೊಟ್ಟಿತು. ಕ್ವಾರ್ಟೆಟ್ ಷರತ್ತುಗಳನ್ನು ಸರ್ಕಾರ ಪಾಲಿಸುತ್ತದೆ ಎಂದು ಅಬ್ಬಾಸ್ ಹೇಳಿದರು. ಹಾಗಾಗಿ ಅಮೆರಿಕ ಕೂಡ ಇದರ ಜೊತೆ ಕೆಲಸ ಮಾಡುತ್ತೇವೆ ಎಂದಿತು. ಇಸ್ರೇಲ್ ಮಾತ್ರ ಸಹಿಯ ಮರುದಿನವೇ ಶಾಂತಿ ಮಾತುಕತೆ ನಿಲ್ಲಿಸಿತ್ತು.

ಹಮಾಸ್ ಯಾಕೆ ಇಷ್ಟು ಬಗ್ಗಿತು? 2013ರಲ್ಲಿ ಈಜಿಪ್ಟಿನಲ್ಲಿ ಬ್ರದರ್‌ಹುಡ್ ಸರ್ಕಾರ ಬಿತ್ತು. ಹೊಸ ಆಡಳಿತ ಗಾಜಾ–ಈಜಿಪ್ಟ್ ಗಡಿಯ ರಫಾ ಕೆಳಗಿನ ಸುರಂಗಗಳನ್ನು ಮುಚ್ಚಿಸಿತು. ಆ ಸುರಂಗಗಳಿಂದ ಬರುವ ಸರಕಿನ ಮೇಲಿನ ಸುಂಕವೇ ಹಮಾಸ್ ಖಜಾನೆಗೆ ದೊಡ್ಡ ಆಧಾರವಾಗಿತ್ತು. ನೌಕರರಿಗೆ ಸಂಬಳ ಕೊಡಲು ದುಡ್ಡಿರಲಿಲ್ಲ. ಆ ಭಾರವನ್ನು ರಮಲ್ಲಾ ಹೊರುತ್ತದೆ ಎಂಬ ನಿರೀಕ್ಷೆ ಅವರದ್ದು.

## ಒಳಗಿನ ಗಂಟುಗಳು

ಸಂಬಳದ ವಿಷಯ ಅಷ್ಟು ದೊಡ್ಡದಾ? ಸಿದ್ಧಾಂತದ ಜಗಳ ಅಲ್ವಾ ಇದು?

ಸಿದ್ಧಾಂತದ ಜಗಳ ಇದೆ, ಸುಳ್ಳಲ್ಲ. ಆದರೆ 2014ರ ಸರ್ಕಾರ ಮೊದಲು ಎಡವಿದ್ದು ಸಂಬಳದ ಮೇಲೆಯೇ. ಈ ಇಡೀ ವಿಷಯದಲ್ಲಿ ಜನ ಅತಿ ಕಡಿಮೆ ಗಮನ ಕೊಡುವ ಭಾಗ ಇದು ಅಂತ ನನಗೆ ಅನ್ನಿಸುತ್ತದೆ.

2007ರಲ್ಲಿ ಗಾಜಾ ಹಮಾಸ್ ಕೈಗೆ ಹೋದಾಗ ರಮಲ್ಲಾ ತನ್ನ ನೌಕರರಿಗೆ ಕೆಲಸಕ್ಕೆ ಹೋಗಬೇಡಿ, ಮನೆಯಲ್ಲಿರಿ, ಸಂಬಳ ಬರುತ್ತದೆ ಎಂದಿತು. ಹೀಗೆ ಸುಮಾರು 70,000 ಜನರ ಸಂಬಳ ವರ್ಷಗಟ್ಟಲೆ ರಮಲ್ಲಾದಿಂದ ಬಂತು. ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆ ನಡೆಯಬೇಕಲ್ಲ? ಹಮಾಸ್ ತನ್ನದೇ 40,000ಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡಿತು. ಒಂದೇ ಮೇಷ್ಟರ ಹುದ್ದೆಗೆ ಇಬ್ಬರು. ಮನೆಯಲ್ಲಿ ಕೂತವರಿಗೆ ಪೂರ್ತಿ ಸಂಬಳ, ಪಾಠ ಮಾಡುವವರಿಗೆ ಬಂದರೆ ಬಂತು.

ಒಗ್ಗಟ್ಟಿನ ಸರ್ಕಾರ ಬಂದು ಮೂರೇ ದಿನ ಆಗಿತ್ತು. 2014ರ ಜೂನ್ ಮೊದಲ ವಾರ. ರಮಲ್ಲಾದ ಸಂಬಳ ಬ್ಯಾಂಕಿಗೆ ಬಿತ್ತು. ಗಾಜಾದ ಎಟಿಎಂಗಳ ಮುಂದೆ ಎರಡೂ ಕಡೆಯ ನೌಕರರು ಸೇರಿದರು. ಇನ್ನು ಒಂದೇ ಸರ್ಕಾರ ತಾನೇ, ನಮಗೂ ಬರಬೇಕು ಎಂಬುದು ಹಮಾಸ್ ನೌಕರರ ಲೆಕ್ಕ. ಅವರ ಖಾತೆಗೆ ಏನೂ ಬಂದಿರಲಿಲ್ಲ. ನಮಗೆ ಸಿಗುವವರೆಗೆ ನಿಮಗೂ ಇಲ್ಲ ಎಂದು ಅಡ್ಡ ನಿಂತರು. ತಳ್ಳಾಟ, ಹೊಡೆದಾಟ ಆಯಿತು. ಪೊಲೀಸರು ಬ್ಯಾಂಕುಗಳನ್ನೇ ಮುಚ್ಚಿಸಿದರು. ಸುಮಾರು ಒಂದು ವಾರ ಗಾಜಾದಲ್ಲಿ ಯಾರಿಗೂ ದುಡ್ಡು ತೆಗೆಯಲು ಆಗಲಿಲ್ಲ.

ರಮಲ್ಲಾ ಹೇಳಿದ್ದು: ಹಮಾಸ್ ನೇಮಿಸಿದವರನ್ನು ಮೊದಲು ಸಮಿತಿ ಪರಿಶೀಲಿಸಲಿ, ಆಮೇಲೆ ಸಂಬಳ. ಅದರ ಹಿಂದೆ ಇನ್ನೊಂದು ಹೆದರಿಕೆ ಇತ್ತು. ಹಮಾಸ್ ಪಟ್ಟಿಯ ಜನರಿಗೆ ಹಣ ಕಳಿಸಿದರೆ ಅಮೆರಿಕದ ಕಾನೂನಿನಲ್ಲಿ ಸಿಕ್ಕಿಬೀಳುತ್ತೇವೆ ಎಂದು ಬ್ಯಾಂಕುಗಳು ಹಿಂಜರಿದವು. ಕೊನೆಗೆ ಅಕ್ಟೋಬರಿನಲ್ಲಿ ಕತಾರ್ ಕೊಟ್ಟ ಹಣದಿಂದ ಪೊಲೀಸರಲ್ಲದ ಸುಮಾರು 24,000 ನೌಕರರಿಗೆ ತಲಾ 1,200 ಡಾಲರ್ ಸಿಕ್ಕಿತು. ಅಷ್ಟರಲ್ಲಿ 50 ದಿನಗಳ ಯುದ್ಧ ಒಂದು ನಡೆದು ಹೋಗಿತ್ತು. ಪೊಲೀಸರಿಗೆ ಅದೂ ಇಲ್ಲ.

ಹಮಾಸ್ ಆಡಳಿತ ಬಿಟ್ಟುಕೊಟ್ಟರೂ ಬಂದೂಕು ಬಿಡಲ್ಲ ಅಂತಾರಲ್ಲ, ನಿಜನಾ?

2017ರಲ್ಲಿ ನಡೆದದ್ದು ಅದೇ. ಆ ವರ್ಷ ಅಬ್ಬಾಸ್ ಗಾಜಾದ ಮೇಲೆ ಒತ್ತಡ ಹಾಕಿದರು. ಅಲ್ಲಿನ ತಮ್ಮದೇ ನೌಕರರ ಸಂಬಳದಲ್ಲಿ ಸುಮಾರು ಶೇ 30 ಕಡಿತ ಮಾಡಿದರು. ಇಸ್ರೇಲಿನಿಂದ ಬರುವ ಕರೆಂಟಿನ ಬಿಲ್ ಪೂರ್ತಿ ಕಟ್ಟಲಿಲ್ಲ. ಗಾಜಾದ ಮನೆಗಳಿಗೆ ದಿನಕ್ಕೆ ನಾಲ್ಕು ಗಂಟೆ ಕರೆಂಟ್ ಸಿಕ್ಕರೆ ಹೆಚ್ಚು. ಆಸ್ಪತ್ರೆಗಳು ಜನರೇಟರ್ ಮೇಲೆ ನಡೆದವು. ಎರಡು ಪಕ್ಷಗಳ ಹಟಕ್ಕೆ ಮಕ್ಕಳು, ರೋಗಿಗಳು ಬೆಲೆ ತೆತ್ತದ್ದನ್ನು ನಾನು ಯಾವ ಕಡೆಯ ವಾದದಿಂದಲೂ ಸಮರ್ಥಿಸಲಾರೆ.

ಅಕ್ಟೋಬರ್ 12ರಂದು ಕೈರೋದಲ್ಲಿ ಹಮಾಸ್‌ನ ಸಾಲೆಹ್ ಅಲ್ ಅರೂರಿ, ಫತಾದ ಅಝ್ಝಾಂ ಅಲ್ ಅಹ್ಮದ್ ಸಹಿ ಹಾಕಿದರು. ನವೆಂಬರ್ 1ರಂದು ಗಡಿ ದ್ವಾರಗಳನ್ನು ಹಮಾಸ್ ನಿಜಕ್ಕೂ ಪ್ರಾಧಿಕಾರಕ್ಕೆ ಒಪ್ಪಿಸಿತು. ಅಲ್ಲಿಗೆ ನಿಂತಿತು. ಒಂದೇ ಸರ್ಕಾರ, ಒಂದೇ ಕಾನೂನು, ಒಂದೇ ಬಂದೂಕು ಎಂದರು ಅಬ್ಬಾಸ್. ಸರ್ಕಾರದ ಹೊರಗೆ ಪಕ್ಷಕ್ಕೇ ಸ್ವಂತ ಪಡೆ ಇರುವ ಲೆಬನಾನಿನ ಹಿಜ್ಬುಲ್ಲಾ ಮಾದರಿ ಗಾಜಾದಲ್ಲಿ ಬೇಡ ಎಂದರು. ಹಮಾಸ್‌ನ ಸಶಸ್ತ್ರ ಪಡೆಯಾದ ಕಸ್ಸಾಂ ಬ್ರಿಗೇಡ್ ವಿಷಯ ಚರ್ಚೆಗೇ ಇಲ್ಲ ಎಂದರು ಹಮಾಸ್ ನಾಯಕರು. 2018ರ ಮಾರ್ಚ್ 13ರಂದು ಕೊಳಚೆ ನೀರಿನ ಸಂಸ್ಕರಣಾ ಘಟಕ ಉದ್ಘಾಟಿಸಲು ಗಾಜಾಕ್ಕೆ ಬಂದ ಪ್ರಧಾನಿ ಹಮದಲ್ಲಾ ಅವರ ಕಾರುಗಳ ಸಾಲಿನ ಪಕ್ಕದಲ್ಲಿ ಬಾಂಬ್ ಸಿಡಿಯಿತು. ಅವರಿಗೆ ಏನೂ ಆಗಲಿಲ್ಲ, ಆದರೆ ರಾಜಿ ಅಲ್ಲಿಗೆ ಮುಗಿಯಿತು.

ಇಸ್ರೇಲ್, ಅಮೆರಿಕ ಬಿಡದೇ ಇದ್ದದ್ದಕ್ಕೇ ಇವೆಲ್ಲ ಮುರಿದದ್ದು ಅಂತ ನಮ್ಮಲ್ಲಿ ಕೆಲವರು ಹೇಳ್ತಾರೆ. ಸರಿನಾ?

ಅರ್ಧ ಸರಿ. ಹೊರಗಿನ ಕೈ ದೊಡ್ಡದು. 1994ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ಯಾಲೆಸ್ತೀನಿಗೆ ಬರುವ ಸರಕಿನ ಸುಂಕ, ತೆರಿಗೆಯನ್ನು ಇಸ್ರೇಲ್ ವಸೂಲಿ ಮಾಡಿ, ಶೇ 3 ಹಿಡಿದುಕೊಂಡು ಪ್ರತಿ ತಿಂಗಳು ಕೊಡಬೇಕು. ಪ್ರಾಧಿಕಾರದ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಅದನ್ನು ತಡೆದರೆ ಯಾವ ಸರ್ಕಾರವೂ ಸಂಬಳ ಕೊಡಲಾರದು. 2006ರಲ್ಲಿ ಗೆದ್ದ ಹಮಾಸ್ ಶಾಸಕರನ್ನು ಡಜನ್‌ಗಟ್ಟಲೆ ಬಂಧಿಸಿದ್ದೂ ಇಸ್ರೇಲ್. ಅಬ್ಬಾಸ್ ಹಮಾಸ್ ಜೊತೆ ಹೋಗುತ್ತಾರೋ ಶಾಂತಿಯ ಜೊತೆಗೋ ಆರಿಸಿಕೊಳ್ಳಲಿ ಎಂದು ಇಸ್ರೇಲ್ ಪ್ರಧಾನಿ ನೆತನ್ಯಾಹು 2014ರಲ್ಲಿ ಹೇಳಿದರು. 2018ರಿಂದ ಅದೇ ನೆತನ್ಯಾಹು ಸರ್ಕಾರದ ಒಪ್ಪಿಗೆಯಿಂದಲೇ ಕತಾರ್ ಹಣ ಗಾಜಾಕ್ಕೆ ಹೋಯಿತು. ಗಾಜಾ, ರಮಲ್ಲಾ ಬೇರೆ ಬೇರೆ ಇರುವುದೇ ಆ ಸರ್ಕಾರಕ್ಕೆ ಅನುಕೂಲ ಎಂದು ಇಸ್ರೇಲಿನ ಒಳಗೇ ಟೀಕೆ ಬಂದದ್ದು ಅದಕ್ಕೆ.

ಇಸ್ರೇಲಿನವರ ವಾದವನ್ನೂ ತಳ್ಳಿಹಾಕುವಂತಿಲ್ಲ. ನಮ್ಮ ಬಸ್ಸುಗಳಲ್ಲಿ ಬಾಂಬ್ ಇಟ್ಟ, ನಮ್ಮನ್ನು ಮಾನ್ಯವೇ ಮಾಡದ ಸಂಘಟನೆ ಸರ್ಕಾರದಲ್ಲಿ ಕೂತರೆ ಯಾರ ಜೊತೆ ಮಾತಾಡಬೇಕು ಎಂದು ಅವರು ಕೇಳುತ್ತಾರೆ.

ಉಳಿದರ್ಧ ಒಳಗಿನದು. ಗೃಹಮಂತ್ರಿಯ ಮಾತು ಕೇಳದವರು ಪ್ಯಾಲೆಸ್ತೀನಿಯರೇ. ಕರೆಂಟ್ ಬಿಲ್ ಕಟ್ಟದವರೂ ಅವರೇ. ಹದಿನೇಳು ವರ್ಷ ಕಳೆಯುವಷ್ಟರಲ್ಲಿ ಎರಡೂ ಕಡೆ ಈ ವಿಭಜನೆಯಿಂದಲೇ ಹುದ್ದೆ, ಗುತ್ತಿಗೆ, ಅಧಿಕಾರ ಪಡೆದವರು ಹುಟ್ಟಿಕೊಂಡಿದ್ದರು. ರಾಜಿಯಾದರೆ ಅವರೇ ಮೊದಲು ಕೆಲಸ ಕಳೆದುಕೊಳ್ಳುವವರು.

ಸುಮ್ನೆ ಒಂದು ಚುನಾವಣೆ ಮಾಡಿಬಿಟ್ರೆ ಆಗ್ತಿತ್ತಲ್ವಾ?

ಬಹುತೇಕ ಎಲ್ಲ ಒಪ್ಪಂದದಲ್ಲೂ ಚುನಾವಣೆಯ ಮಾತು ಇದೆ. 2006ರ ನಂತರ ಒಂದೂ ಸಂಸತ್ ಚುನಾವಣೆ ನಡೆದಿಲ್ಲ. ಅಬ್ಬಾಸ್ 2005ರಲ್ಲಿ ನಾಲ್ಕು ವರ್ಷಕ್ಕೆ ಆಯ್ಕೆಯಾದವರು.

ತೀರಾ ಹತ್ತಿರ ಬಂದದ್ದು 2021ರಲ್ಲಿ. ಮೇ 22ಕ್ಕೆ ದಿನ ನಿಗದಿಯಾಗಿತ್ತು. ಅರ್ಹರಲ್ಲಿ ಶೇ 93ಕ್ಕಿಂತ ಹೆಚ್ಚು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಿದರು. 36 ಪಟ್ಟಿಗಳು ಕಣಕ್ಕೆ ಬಂದವು. ಫತಾ ಮೂರು ಹೋಳಾಯಿತು: ಅಬ್ಬಾಸ್ ಪಟ್ಟಿ ಒಂದು, ಅರಾಫತ್ ಅವರ ಸೋದರಳಿಯ ನಾಸರ್ ಅಲ್ ಕುದ್ವಾ ಮತ್ತು ಜೈಲಿನಲ್ಲಿರುವ ಮರ್ವಾನ್ ಬರ್ಗೂತಿ ಬೆಂಬಲಿಗರ ಪಟ್ಟಿ ಒಂದು, ದೇಶ ಬಿಟ್ಟಿರುವ ಮುಹಮ್ಮದ್ ದಹ್ಲಾನ್ ಬೆಂಬಲಿಗರದು ಇನ್ನೊಂದು. ಏಪ್ರಿಲ್ ಕೊನೆಯಲ್ಲಿ ಅಬ್ಬಾಸ್ ಚುನಾವಣೆ ಮುಂದೂಡಿದರು. ಪೂರ್ವ ಜೆರುಸಲೇಮಿನಲ್ಲಿ ಮತದಾನಕ್ಕೆ ಇಸ್ರೇಲ್ ಒಪ್ಪಿಗೆ ಕೊಟ್ಟಿಲ್ಲ ಎಂಬ ಕಾರಣ ಕೊಟ್ಟರು. ಕಾರಣ ಸುಳ್ಳಲ್ಲ. ಸೋಲಿನ ಭಯವೂ ಸುಳ್ಳಲ್ಲ. ಆ ವಸಂತದಲ್ಲಿ ಮೂವತ್ತು ದಾಟಿದವರೂ ಮೊದಲ ಸಲ ಮತ ಹಾಕಲು ಕಾಯುತ್ತಿದ್ದರು ಎಂಬುದನ್ನು ನೆನೆದಾಗ ನನಗೆ ಈಗಲೂ ಬೇಜಾರಾಗುತ್ತದೆ.

ಅಲ್ಲಿನ ಜನರಿಗಾದ್ರೂ ಒಗ್ಗಟ್ಟು ಬೇಕಾ?

ನಾಯಕರಿಗಿಂತ ಮುಂಚೆಯೇ ಬೇಕಿತ್ತು. 2006ರಲ್ಲಿ ಇಸ್ರೇಲಿನ ಹಾದರೀಮ್ ಜೈಲಿನಲ್ಲಿದ್ದ ಫತಾ, ಹಮಾಸ್, ಉಳಿದ ಪಕ್ಷಗಳ ಕೈದಿಗಳು ಕೂತು ಒಂದು ದಾಖಲೆ ಬರೆದರು. 1967ರ ಗಡಿಯ ಮೇಲೆ ರಾಜ್ಯ, ಪಿಎಲ್‌ಒ ಸುಧಾರಣೆ, ಒಗ್ಗಟ್ಟಿನ ಸರ್ಕಾರ. ಆಮೇಲಿನ ಎಲ್ಲ ಒಪ್ಪಂದಗಳಿಗೂ ಅದೇ ತಳಪಾಯ.

2011ರ ಮಾರ್ಚ್ 15ರಂದು ಯುವಕ ಯುವತಿಯರು ಗಾಜಾ ಮತ್ತು ರಮಲ್ಲಾ ಎರಡೂ ಕಡೆ ಬೀದಿಗಿಳಿದರು. ಈಜಿಪ್ಟಿನಲ್ಲಿ ಸರ್ಕಾರ ಬೀಳಲಿ ಎಂದು ಕೂಗಿದ್ದರಲ್ಲ, ಅದೇ ಧಾಟಿಯಲ್ಲಿ ಇವರು ವಿಭಜನೆ ಮುಗಿಯಲಿ ಎಂದು ಕೂಗಿದರು. ಪಕ್ಷದ ಬಾವುಟ ಬೇಡ, ನಾಡಿನ ಬಾವುಟ ಮಾತ್ರ ಎಂದರು. ಗಾಜಾದಲ್ಲಿ ಹಮಾಸ್ ಪೊಲೀಸರು ಲಾಠಿ ಬೀಸಿ ಚದುರಿಸಿದರು. ಎರಡು ತಿಂಗಳೊಳಗೆ ಕೈರೋದಲ್ಲಿ ಸಹಿ ಬಿತ್ತು.

ಭಾರತ ಇವರಲ್ಲಿ ಯಾರನ್ನು ಮಾತಾಡಿಸುತ್ತದೆ?

ರಮಲ್ಲಾವನ್ನು. ಭಾರತ 1988ರ ನವೆಂಬರಿನಲ್ಲಿ ಪ್ಯಾಲೆಸ್ತೀನ್ ರಾಜ್ಯವನ್ನು ಮಾನ್ಯ ಮಾಡಿತು. ನಮ್ಮ ಪ್ರತಿನಿಧಿ ಕಚೇರಿ 1996ರಲ್ಲಿ ಗಾಜಾದಲ್ಲಿ ಶುರುವಾಗಿ 2003ರಲ್ಲಿ ರಮಲ್ಲಾಕ್ಕೆ ಹೋಯಿತು. 2018ರಲ್ಲಿ ಪ್ರಧಾನಿ ಮೋದಿ ಅಲ್ಲಿಗೆ ಭೇಟಿ ಕೊಟ್ಟರು. ಇಸ್ರೇಲ್ ಜೊತೆಗಿನ ನಂಟೂ ಗಟ್ಟಿ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಯವರು ಅಲ್ಲಿ ವಯಸ್ಸಾದವರ ಆರೈಕೆ ಕೆಲಸದಲ್ಲಿದ್ದಾರೆ. ಗಾಜಾ ಸುದ್ದಿ ಬಂದಾಗ ಆ ಮನೆಗಳಲ್ಲಿ ಫೋನ್ ಬರುವವರೆಗೆ ಯಾರಿಗೂ ಊಟ ಸೇರುವುದಿಲ್ಲ.

## 2023ರ ಅಕ್ಟೋಬರ್ ನಂತರ

ಬೀಜಿಂಗಿನಲ್ಲಿ 14 ಪಕ್ಷ ಸಹಿ ಹಾಕಿದವಲ್ಲ, ಅದೇನಾಯ್ತು?

ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 251 ಜನ ಒತ್ತೆಯಾದರು. ನಂತರದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ 60,000 ದಾಟಿತು. ಆ ನಡುವೆ, 2024ರ ಜುಲೈ 23ರಂದು, ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ಮುಂದೆ ಫತಾ, ಹಮಾಸ್ ಸೇರಿ 14 ಪಕ್ಷಗಳು ಮಧ್ಯಂತರ ರಾಜಿ ಸರ್ಕಾರಕ್ಕೆ ಒಪ್ಪಿದವು. ಯಾವತ್ತಿನ ಒಳಗೆ ಎಂಬ ಗಡುವು ಇರಲಿಲ್ಲ. ಎಂಟು ದಿನಕ್ಕೆ ಹನಿಯೆ ತೆಹ್ರಾನಿನಲ್ಲಿ ಕೊಲೆಯಾದರು. ಆ ಸರ್ಕಾರ ಹುಟ್ಟಲೇ ಇಲ್ಲ.

ಟ್ರಂಪ್ ಯೋಜನೆಯ ತಜ್ಞರ ಸಮಿತಿ ಒಗ್ಗಟ್ಟಿನ ಸರ್ಕಾರದ ಥರಾನೇ ಅಲ್ವಾ?

ಗಾಜಾ ಯುದ್ಧ ನಿಲ್ಲಿಸಲು ಅಮೆರಿಕದ ಅಧ್ಯಕ್ಷ ಟ್ರಂಪ್ ಮುಂದಿಟ್ಟ ಯೋಜನೆಯ ಸಮಿತಿ ಇದು. ಮೇಲ್ನೋಟಕ್ಕೆ 2014ರದ್ದರ ಹಾಗೆ ಕಾಣುತ್ತದೆ. ಪಕ್ಷವಿಲ್ಲದ ಪ್ಯಾಲೆಸ್ತೀನಿ ತಜ್ಞರು ಗಾಜಾದ ದಿನನಿತ್ಯದ ಆಡಳಿತ ನಡೆಸಬೇಕು, ಹಮಾಸ್‌ಗೆ ಪಾತ್ರ ಇಲ್ಲ. ವ್ಯತ್ಯಾಸ ಇರುವುದು ಮೇಲೆ ಯಾರಿದ್ದಾರೆ ಎಂಬಲ್ಲಿ. 2014ರ ಸರ್ಕಾರ ಪ್ಯಾಲೆಸ್ತೀನ್ ಅಧ್ಯಕ್ಷರ ಕೆಳಗೆ ಇತ್ತು, ಗಾಜಾ ಮತ್ತು ವೆಸ್ಟ್ ಬ್ಯಾಂಕ್ ಎರಡಕ್ಕೂ ಸೇರಿದ್ದು. ಈ ಸಮಿತಿ ಗಾಜಾಕ್ಕೆ ಮಾತ್ರ. ಅದರ ಮೇಲ್ವಿಚಾರಣೆಗೆ ಟ್ರಂಪ್ ಅಧ್ಯಕ್ಷತೆಯ ಶಾಂತಿ ಮಂಡಳಿ ಇದೆ. 2025ರ ನವೆಂಬರ್ 17ರಂದು ಭದ್ರತಾ ಮಂಡಳಿ ಇದಕ್ಕೆ 13 ಮತಗಳಿಂದ ಒಪ್ಪಿಗೆ ಕೊಟ್ಟಿತು, ರಷ್ಯಾ ಮತ್ತು ಚೀನಾ ಮತ ಹಾಕಲಿಲ್ಲ. ಪ್ರಾಧಿಕಾರ ಸ್ವಾಗತಿಸಿತು, ಹಮಾಸ್ ತಿರಸ್ಕರಿಸಿತು. ಗಾಜಾ ಮತ್ತು ರಮಲ್ಲಾ ನಡುವಿನ ಬಿರುಕು ಇದರಿಂದ ಮುಚ್ಚುತ್ತದೋ, ಗಟ್ಟಿಯಾಗುತ್ತದೋ ಎಂಬ ಆತಂಕ ಪ್ಯಾಲೆಸ್ತೀನಿಯರಲ್ಲಿ ಜೋರಾಗಿದೆ. ನನ್ನ ಆತಂಕವೂ ಅದೇ.

ಮುಂದಿನ ಸಲ ರಾಜಿ ಆಯ್ತು ಅಂತ ಸುದ್ದಿ ಬಂದ್ರೆ ನಾವು ಏನು ನೋಡಬೇಕು?

ಫೋಟೊ ಬಿಡಿ. ಗೃಹ ಖಾತೆ ಯಾರಿಗೆ ಹೋಯಿತು, ಆ ಮಂತ್ರಿ ಕೊಟ್ಟ ಮೊದಲ ಆದೇಶವನ್ನು ಗಾಜಾದ ಪೊಲೀಸರು ಪಾಲಿಸಿದರೋ ನೋಡಿ. ತಿಂಗಳ ಮೊದಲ ವಾರ ಗಾಜಾದ ಮೇಷ್ಟ್ರು, ನರ್ಸ್, ಪೊಲೀಸ್ ಮೂವರಿಗೂ ಒಂದೇ ಖಜಾನೆಯಿಂದ ಸಂಬಳ ಬಿತ್ತೋ ನೋಡಿ. ಇಸ್ರೇಲ್ ತೆರಿಗೆ ಹಣ ಬಿಟ್ಟಿತೋ, ಮಂತ್ರಿಗಳಿಗೆ ಓಡಾಡಲು ಬಿಟ್ಟಿತೋ ನೋಡಿ. ಪಿಎಲ್‌ಒ ಸಭೆಗೆ ಹಮಾಸ್‌ಗೆ ಕರೆ ಹೋಯಿತೋ ಎಂಬುದು ಸ್ವಲ್ಪ ತಡವಾಗಿ ತಿಳಿಯುತ್ತದೆ. ಚುನಾವಣೆಗೆ ದಿನ ಗೊತ್ತು ಮಾಡಿದರೆ ಮಾತ್ರ ಸಾಲದು. ಜೆರುಸಲೇಮಿನಲ್ಲಿ ಮತಪೆಟ್ಟಿಗೆ ಎಲ್ಲಿ ಇಡುತ್ತಾರೆ ಎಂಬುದಕ್ಕೆ ಅದೇ ಆದೇಶದಲ್ಲಿ ಉತ್ತರ ಇರಬೇಕು. 2021ರ ಆದೇಶದಲ್ಲಿ ಅದು ಇರಲಿಲ್ಲ.